ಶತ್ರುವಿಲ್ಲದ ಆಯುಧ: ಮುಸಲ್ಮಾನರ ಗೋರಿಗಲ್ಲುಗಳನ್ನು ಓದುವ ಬಗೆ

ಕೊಯಮತ್ತೂರಿನ ಉಕ್ಕಡಂ ಎಂಬ ಹೆಸರು ಕನ್ನಡಿಗರ ಕಿವಿಗೆ ಹೊಸದೆನಿಸದು. ಉಕ್ಕಡವೆಂದರೆ ನಮ್ಮ ನುಡಿಯಲ್ಲಿ ಕಾವಲಿನ ಠಾಣ್ಯ, ಪಹರೆಯವರು ನಿಂತಿರುತ್ತಿದ್ದ ನೆಲೆ. ಶ್ರೀರಂಗಪಟ್ಟಣದ ಬಳಿಯ ಆರತಿ ಉಕ್ಕಡವನ್ನೂ ದಾವಣಗೆರೆ ಸೀಮೆಯ ಉಕ್ಕಡಗಾತ್ರಿಯನ್ನೂ ಬಲ್ಲವರಿಗೆ ಈ ಮಾತಿನ ಜಾಡು ತಾನಾಗಿಯೇ ಹೊಳೆಯುತ್ತದೆ. ಪೆರಿಯಕುಳಂ ಕೆರೆ, ಬಸ್ಸು ನಿಲ್ದಾಣ, 2024ರಲ್ಲಿ ಸಂಚಾರಕ್ಕೆ ತೆರೆದ ಮೇಲ್ಸೇತುವೆ ಇವುಗಳ ನಡುವೆ ಈಗ ಅಲ್ಲಿ ಪಹರೆಯ ಕುರುಹೇನೂ ಕಾಣದು. ನೆರೆಯ ಕೋಟೈಮೇಡಿನಲ್ಲಿ ಕೋಟೆ ಉಳಿದಿರುವುದೂ ಹೆಸರಿನಲ್ಲಿಯೇ. ಆದರೆ ಹೆಸರುಗಳು ಉಳಿದ ಕಡೆ ಕಥೆಗಳೂ ಉಳಿಯುತ್ತವೆ. ಕಥೆಗಳಿಗೆ ಸಾಕ್ಷಿ ಬೇಕಾದಾಗ ಜನ ಹಳೆಯ ಗೋರಿಗಳ ಕಡೆ ಕೈತೋರುತ್ತಾರೆ.

ಈ ಕೊಂಗುನಾಡು 17ನೆಯ ಶತಮಾನದಲ್ಲಿ ಮೈಸೂರಿನವರ ಕೈಗೆ ಬಂದು 1799ರ ವರೆಗೂ ಬಹುಮಟ್ಟಿಗೆ ಅವರದಾಗಿಯೇ ಇದ್ದಿತು. 1768ರಲ್ಲಿ, 1783ರಲ್ಲಿ, ಮತ್ತೆ 1790ರಲ್ಲಿ ಆಂಗ್ಲರು ಕೊಯಮತ್ತೂರನ್ನು ಹಿಡಿದರು. 1791ರಲ್ಲಿ ಟಿಪ್ಪುವಿನ ಸೇನಾನಿ ಕಮರುದ್ದೀನ್ ಖಾನನು ಮುತ್ತಿಗೆ ಹಾಕಿ ಲೆಫ್ಟಿನೆಂಟ್ ಚಾಮರ್ಸನಿಂದ ಕೋಟೆಯನ್ನು ಬಿಡಿಸಿಕೊಂಡನು. ಊರೊಳಗಿನ ಒಂದು ಮಸೀದಿಯ ಜಮಾಅತ್ ಇಂದಿಗೂ ಹೈದರ್ ಅಲಿ ಟಿಪ್ಪು ಸುಲ್ತಾನರ ಹೆಸರನ್ನು ಹೊತ್ತಿದೆ. ಇಲ್ಲಿಯ ತಮಿಳು ಮುಸಲ್ಮಾನರಲ್ಲಿ ಒಂದು ದೊಡ್ಡ ವರ್ಗದ ಹೆಸರು ರಾವುತ್ತರ್. ಇದು ನಮ್ಮ ಹಳಗನ್ನಡ, ನಡುಗನ್ನಡಗಳ ರಾವುತನೇ, ಕುದುರೆಯ ಸವಾರನೇ, ಎಂಬುದನ್ನು ಕನ್ನಡ ಪಾಠ ಹೇಳುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಷ್ಟು ದಂಡು ದಾಳಿ ಕಂಡ ನೆಲದಲ್ಲಿ, ಇಂಥ ಹೆಸರಿನ ಜನರ ನಡುವೆ, ಹಳೆಯ ಗೋರಿಯೊಂದು ಕಂಡರೆ ಅದು ಸಿಪಾಯಿಯದೇ ಎಂದು ತೋರುವುದು ಸಹಜ. ಅದರ ಮೇಲೆ ಉದ್ದನೆಯ ಕೆತ್ತನೆಯೊಂದಿದ್ದರೆ ಅದು ಕತ್ತಿಯೆಂದೇ ತೀರ್ಮಾನವಾಗಿಬಿಡುತ್ತದೆ. ಕತ್ತಿಯಿದ್ದ ಮೇಲೆ ಮಲಗಿದವನು ಯುದ್ಧದಲ್ಲಿ ಮಡಿದವನು, ಹುತಾತ್ಮನು. ಮೂರೇ ಹೆಜ್ಜೆಗಳಲ್ಲಿ ಹೆಸರಿಲ್ಲದ ಕಲ್ಲಿಗೆ ಚರಿತ್ರೆ ಹುಟ್ಟಿತು! ಈ ಮೂರು ಹೆಜ್ಜೆಗಳಲ್ಲಿ ಒಂದೂ ಗಟ್ಟಿಯಾದುದಲ್ಲವೆಂಬುದು ನಮ್ಮ ಮತ. ಅದಕ್ಕೆ ಕಾರಣಗಳನ್ನು ವಾಚಕರ ಮುಂದಿಡುವುದು ಪ್ರಕೃತ ಲೇಖನದ ಉದ್ದೇಶ.

ತಪ್ಪಿನ ಮೂಲ ಅಜ್ಞಾನದಲ್ಲಿಲ್ಲ, ಒಂದು ಒಳ್ಳೆಯ ಅಭ್ಯಾಸದಲ್ಲಿದೆ. ನಾವು ವೀರಗಲ್ಲುಗಳನ್ನು ನೋಡಿ ಬೆಳೆದವರು. ತಾಳವಾಡಿಯ ಕಡೆಯಾಗಲಿ ಚಾಮರಾಜನಗರದ ಕಡೆಯಾಗಲಿ ಹೊಲದ ಬದುವಿನಲ್ಲಿ ನಿಂತ ವೀರಗಲ್ಲಿನ ಭಾಷೆ ನಮಗೆ ಬಾಯಿಪಾಠ. ಕೆಳಗಿನ ಹಲಗೆಯಲ್ಲಿ ಕಾಳಗ, ನಡುವಿನದರಲ್ಲಿ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಸನ್ನಿಧಿ, ತುದಿಯಲ್ಲಿ ಚಂದ್ರಸೂರ್ಯರು. ಇಲ್ಲಿ ಆಯುಧವು ಕಥೆಯ ಒಂದು ಭಾಗ. ವೀರನ ಕೈಯಲ್ಲಿ ಬಿಲ್ಲಿದ್ದರೆ ಎದುರಿನಲ್ಲಿ ಶತ್ರುವಿದ್ದಾನೆ. ತುರುಗೊಳ್ ಆದರೆ ಹಸುಗಳ ಸಾಲಿದೆ. ಪೆಣ್ಬುಯ್ಯಲ್ ಆದರೆ ಹೆಣ್ಣಿನ ಚಿತ್ರ ಬರುವುದುಂಟು. ಬೇಗೂರಿನ ಪ್ರಸಿದ್ಧ ಶಿಲೆಯಲ್ಲಂತೂ ಆನೆ ಕುದುರೆ ಕಾಲಾಳುಗಳ ತುಮುಲವನ್ನೇ ಕಲ್ಲುಕುಟಿಗನು ತುಂಬಿಸಿಟ್ಟಿದ್ದಾನೆ. ಆತಕೂರಿನ ಕಲ್ಲಿನಲ್ಲಿ ಹಂದಿಯೊಡನೆ ಹೋರಾಡಿದ ಕಾಳಿಯೆಂಬ ನಾಯಿಗೂ ಎದುರಾಳಿಯುಂಟು. ವೀರಗಲ್ಲು ಸಾವಿನ ವರದಿ. ಯಾರು, ಯಾರೊಡನೆ, ಯಾವುದಕ್ಕಾಗಿ, ಹೇಗೆ ಸತ್ತರು ಎಂಬುದೇ ಅದರ ವಿಷಯ. ಚಿದಾನಂದಮೂರ್ತಿಯವರ 1966ರ ಶಾಸನಾಧ್ಯಯನದಿಂದ ಮೊದಲ್ಗೊಂಡು ಶೆಟ್ಟರ್ ಮತ್ತು ಸೊಂಥೈಮರ್ ಇವರು 1982ರಲ್ಲಿ ಸಂಪಾದಿಸಿದ ಸ್ಮಾರಕಶಿಲೆಗಳ ಸಂಪುಟದವರೆಗೆ ನಮ್ಮ ವಿದ್ವಾಂಸರು ಈ ಭಾಷೆಯ ವ್ಯಾಕರಣವನ್ನೇ ಬರೆದುಕೊಟ್ಟಿದ್ದಾರೆ. ತೊಡಕು ಇಷ್ಟೇ: ಒಂದು ಭಾಷೆಯ ವ್ಯಾಕರಣವನ್ನು ಹಿಡಿದು ಇನ್ನೊಂದು ಭಾಷೆಯನ್ನು ಓದಹೊರಟರೆ ಅಕ್ಷರಗಳು ಹೊಂದಿದಂತೆ ಕಂಡರೂ ಅರ್ಥ ಹೊಂದುವುದಿಲ್ಲ.

ಮುಸಲ್ಮಾನರ ಗೋರಿಯ ಮೇಲೆ ಆಯುಧ ಕೆತ್ತಿದ ಉದಾಹರಣೆಗಳು ಇಲ್ಲವೇ ಎಂದು ಕೇಳಿದರೆ, ಇವೆ, ಧಾರಾಳವಾಗಿ ಇವೆ. ನಮ್ಮ ಉಪಖಂಡದಲ್ಲಿ ಅದಕ್ಕೆ ಮುಖ್ಯ ನೆಲೆ ಸಿಂಧ್ ಮತ್ತು ಬಲೂಚಿಸ್ತಾನ. ಕರಾಚಿಯ ಪೂರ್ವಕ್ಕಿರುವ ಚೌಖಂಡಿಯ ಸ್ಮಶಾನ ಅವುಗಳಲ್ಲಿ ಹೆಸರುವಾಸಿಯಾದುದು. 15ರಿಂದ 18ನೆಯ ಶತಮಾನದವರೆಗೆ ಜೋಖಿಯೋ, ಬಲೂಚ್ ಮೊದಲಾದ ಕುಲಗಳವರು ಹಳದಿ ಮರಳುಗಲ್ಲಿನ ಹಲಗೆಗಳನ್ನು ಪೆಟ್ಟಿಗೆಯಂತೆ ಜೋಡಿಸಿ, ಒಂದರ ಮೇಲೊಂದು ಕಿರಿದಾಗುತ್ತ ಹೋಗುವಂತೆ ಪೇರಿಸಿ ಗೋರಿಗಳನ್ನು ಕಟ್ಟಿದರು. ಕಲ್ಲಿನ ಮೈಯೆಲ್ಲ ಜಾಲಂಧ್ರದಂಥ ಕುಸುರಿ. ದೂರದಿಂದ ನೋಡಿದರೆ ಮರಗೆಲಸವೆಂದೇ ಭ್ರಮೆಯಾಗಬೇಕು. ಗಂಡಸರ ಗೋರಿಯಾದರೆ ತುದಿಗಲ್ಲಿನ ತಲೆಯ ಕಡೆಗೆ ಪೇಟದ ಆಕೃತಿಯೊಂದನ್ನು ನಿಲ್ಲಿಸುತ್ತಾರೆ. ಪಕ್ಕದ ಹಲಗೆಗಳ ಮೇಲೆ ಖಡ್ಗ, ಕಠಾರಿ, ಗುರಾಣಿ, ಬಿಲ್ಲು, ಬಾಣ ತುಂಬಿದ ಬತ್ತಳಿಕೆ ಬರುತ್ತವೆ. ಹೆಂಗಸರದಾದರೆ ಓಲೆ, ಕಂಠಾಭರಣ, ಬಳೆ, ಕಾಲ್ಕಡಗ. ಈ ಗೋರಿಗಳನ್ನು ಶೈಲಿಯ ಆಧಾರದಿಂದ ಕಾಲಾನುಕ್ರಮದಲ್ಲಿ ಇರಿಸಿದ ಕೀರ್ತಿ ಜರ್ಮನ್ ವಿದುಷಿ ಸಲೋಮೆ ಜಾಯದಾಚ್ ಹಾಸ್ಟೆನ್‌ರಾತ್ ಅವರದು (1978). ಅಲಿ ಅಹ್ಮದ್ ಬ್ರೋಹಿಯವರೂ ಶೇಖ್ ಖುರ್ಷಿದ್ ಹಸನ್ ಅವರೂ ಆ ಮೇಲೆ ಇವನ್ನು ಕುರಿತು ಪುಸ್ತಕಗಳನ್ನು ಬರೆದರು.

ಈ ವಿದ್ವಾಂಸರಲ್ಲಿ ಮೂಲವಾವುದೆಂಬ ಚರ್ಚೆ ಬಹಳ ನಡೆದಿದೆ. ಇಸ್ಲಾಮಿಗೆ ಹಿಂದಿನ ಪದ್ಧತಿಯ ಉಳಿಕೆಯೇ, ಕಛ್ ಸೌರಾಷ್ಟ್ರಗಳ ಪಾಳಿಯಾ ಕಲ್ಲುಗಳ ಪ್ರಭಾವವೇ, ಮರದ ಗೋರಿಗಳ ಅನುಕರಣವೇ ಎಂದು ಮುಂತಾಗಿ. ಮೂಲದ ಚರ್ಚೆಗಿಂತ ನಮಗೆ ಮುಖ್ಯವಾಗಿ ತೋರುವುದು ಇನ್ನೊಂದು ಸಂಗತಿ. ಚೌಖಂಡಿಯ ಆಯುಧಗಳಿಗೆ ಹೆಚ್ಚಿನ ಕಡೆ ಕೈಯೇ ಇಲ್ಲ. ಖಡ್ಗವು ಒರೆಯಲ್ಲಿ, ಪಟ್ಟಿಯ ಸಮೇತ, ಗೂಟಕ್ಕೆ ನೇತುಹಾಕಿದಂತೆ ಕಲ್ಲಿನ ಮೇಲಿರುತ್ತದೆ. ಕೆಲವೆಡೆ ಕುದುರೆಯೂ ಸವಾರನೂ ಉಂಟು. ಜೀವಿಗಳ ಚಿತ್ರವನ್ನು ಬರೆಯಬಾರದೆಂಬ ಸಂಪ್ರದಾಯವಿದ್ದೂ ಅವನು ಅಲ್ಲಿ ಹೇಗೆ ಸೇರಿಕೊಂಡನೆಂಬುದು ವಿಚಾರಾರ್ಹವಾದುದೇ. ಆದರೂ ಅವನು ಬೊಂಬೆಯಂತೆ ಚಿಕ್ಕವನು, ಮುಖವಿಲ್ಲದವನು. ಬಹುಮಟ್ಟಿಗೆ ಅವನ ಎದುರಿಗೆ ಯಾರೂ ಇರುವುದಿಲ್ಲ. ವೀರಗಲ್ಲಿನಲ್ಲಿ ಶತ್ರುವಿಲ್ಲದೆ ವೀರನಿಲ್ಲ. ಚೌಖಂಡಿಯಲ್ಲಿ ಶತ್ರುವೇ ಇಲ್ಲ. ಆದುದರಿಂದ ಆ ಖಡ್ಗವು ಕಾಳಗದ ವರದಿಯಾಗಲಾರದು. ಹೆಂಗಸರ ಗೋರಿಯ ಓಲೆ ಬಳೆಗಳ ಪಕ್ಕದಲ್ಲಿಟ್ಟು ನೋಡಿದರೆ ಅದರ ಅರ್ಥ ತಿಳಿಯಾಗುತ್ತದೆ. ಓಲೆಯನ್ನು ಕೆತ್ತಿದ್ದಾರೆಂದು ಆಕೆ ಓಲೆಯಿಂದ ಸತ್ತಳೆಂದು ಯಾರೂ ಹೇಳುವುದಿಲ್ಲವಷ್ಟೆ! ಓಲೆಯು ಆಕೆ ಹೆಣ್ಣೆಂದೂ ಮನೆತನವಂತಳೆಂದೂ ಹೇಳುತ್ತದೆ. ಖಡ್ಗವೂ ಅಷ್ಟನ್ನೇ ಹೇಳುತ್ತದೆ: ಇವನು ಗಂಡಸು, ಆಯುಧ ಧರಿಸುವ ಕುಲದವನು, ಬದುಕಿದ್ದಾಗ ಸೊಂಟಕ್ಕೆ ಇದನ್ನು ಕಟ್ಟುತ್ತಿದ್ದನು. ಅವನು ಎಂಬತ್ತು ವರ್ಷ ಬಾಳಿ ಹಾಸಿಗೆಯಲ್ಲಿ ತೀರಿಕೊಂಡಿರಲೂಬಹುದು.

ಇದಕ್ಕೆ ಸಮಾನವಾದುದು ನಮ್ಮಲ್ಲಿ ಇದ್ದರೆ ಅದು ವೀರಗಲ್ಲಲ್ಲ, ಮಾಸ್ತಿಕಲ್ಲು. ಬಳೆ ತೊಟ್ಟು ಎತ್ತಿದ ಒಂಟಿ ತೋಳು ಇಡೀ ಹೆಣ್ಣಿನ ಬದಲಿಗೆ ನಿಲ್ಲುವಂತೆ, ಅಲ್ಲಿ ಒರೆಯೊಳಗಿನ ಕತ್ತಿ ಇಡೀ ಗಂಡಸಿನ ಬದಲಿಗೆ ನಿಲ್ಲುತ್ತದೆ. ಹೋಲಿಕೆಯನ್ನು ಇದಕ್ಕಿಂತ ಮುಂದಕ್ಕೆ ಎಳೆಯಲಾಗದು, ಏಕೆಂದರೆ ಮಾಸ್ತಿಯ ತೋಳು ಸಾವಿನ ಬಗೆಯನ್ನೂ ಹೇಳುತ್ತದೆ. ಚೌಖಂಡಿಯ ಕತ್ತಿ ಅದನ್ನು ಹೇಳುವುದಿಲ್ಲ.

ಹೊರದೇಶಗಳ ಸಾಮಗ್ರಿಯೂ ಇದೇ ದಿಕ್ಕನ್ನು ತೋರುತ್ತದೆ. ಬೋಸ್ನಿಯಾದ ಮೊದಮೊದಲಿನ ಮುಸಲ್ಮಾನ ಗೋರಿಗಲ್ಲುಗಳಲ್ಲಿ ಖಡ್ಗ, ಗದೆ, ಬಿಲ್ಲುಬಾಣ, ಗುರಾಣಿಗಳಿವೆ. ಅದೇ ನಾಡಿನ ಹಿಂದಿನ ಕ್ರೈಸ್ತ ಕಲ್ಲುಗಳಲ್ಲಿಯೂ ಖಡ್ಗ ಗುರಾಣಿಗಳಿದ್ದವು. ಮತ ಬದಲಾದರೂ ಕಲ್ಲುಕುಟಿಗನ ಕೈ ಕೂಡಲೆ ಬದಲಾಗಲಿಲ್ಲ. ಉತ್ತರ ಕಾಕಸಸ್ಸಿನಲ್ಲಿ ಬಾಕು ಬಂದೂಕುಗಳು, ಇರಾನಿನ ಬಖ್ತಿಯಾರಿ ಕುಲದವರಲ್ಲಿ ಮಗ್ಗುಲಿಗೆ ಕತ್ತಿ ಕೆತ್ತಿದ ಕಲ್ಲಿನ ಸಿಂಹಗಳು ಗೋರಿಯ ಮೇಲೆ ಕಾಣಬರುತ್ತವೆ. ಇವೆಲ್ಲ ಕುಲವೇ ಪ್ರಧಾನವಾದ, ಪ್ರತಿ ಗಂಡಸೂ ಆಯುಧ ಕಟ್ಟುತ್ತಿದ್ದ, ಓದುಬರಹದ ಬಳಕೆ ಕಡಿಮೆಯಿದ್ದ ಸಮಾಜಗಳಲ್ಲಿ ಹೆಚ್ಚು. ಅಕ್ಷರ ಓದಲಾರದವನಿಗೂ ಗೋರಿ ಯಾರದೆಂದು ತಿಳಿಯಬೇಕಲ್ಲವೇ?

ಈಗ ನಮ್ಮ ಕಡೆಗೆ ಬರೋಣ. ಕೊಯಮತ್ತೂರು, ತಿರುಪ್ಪೂರು ಸೀಮೆಗಳಿಗೆ ಮೈಸೂರಿನ ಮುಖಾಂತರ ಬಂದ ಗೋರಿಯ ಪದ್ಧತಿ ಸಿಂಧಿನದಲ್ಲ, ದಕ್ಖನಿನದು. ದಕ್ಖನಿನಲ್ಲಿ ಆಯುಧದ ಸ್ಥಾನದಲ್ಲಿ ಬೇರೊಂದು ಸಂಕೇತ ನಿಂತಿದೆ. ಮೊಗಲರಲ್ಲಿಯೂ ದಕ್ಖನಿನಲ್ಲಿಯೂ ಗಂಡಸಿನ ಗೋರಿಯ ನೆತ್ತಿಯ ಮೇಲೆ ಕಲಮದಾನ, ಅಂದರೆ ಲೇಖನಿಯ ಪೆಟ್ಟಿಗೆ, ಕೆತ್ತುವ ರೂಢಿಯಿತ್ತು. ಹೆಂಗಸಿನ ಗೋರಿಯ ಮೇಲೆ ತಖ್ತಿ, ಅಂದರೆ ಬರೆಯುವ ಹಲಗೆ. ತಾಜಮಹಲಿನೊಳಗೆ ಅಕ್ಕಪಕ್ಕದಲ್ಲಿರುವ ಎರಡು ಗೋರಿಗಳನ್ನು ನೋಡಿದವರು ಷಹಜಹಾನನದರ ಮೇಲೆ ಕಲಮದಾನವನ್ನೂ ಮುಮ್ತಾಜಳದರ ಮೇಲೆ ಹಲಗೆಯನ್ನೂ ಗುರುತಿಸಿರಬಹುದು. ಬಿಜಾಪುರದಲ್ಲಿ ಈ ಭೇದ ಇನ್ನೂ ಸರಳ: ಗಂಡಸರ ಗೋರಿಗೆ ನೆತ್ತಿಯುದ್ದಕ್ಕೂ ದಿಂಡು, ಹೆಂಗಸರದು ಚಪ್ಪಟೆ. ಹೆನ್ರಿ ಕಸೆನ್ಸರು 1916ರ ತಮ್ಮ ಬಿಜಾಪುರದ ಗ್ರಂಥದಲ್ಲಿ ಇದನ್ನು ಗಮನಿಸಿದ್ದಾರೆ. ಬಿಜಾಪುರದ ಹೊರಗೆ ಸಾಲುಸಾಲಾಗಿರುವ ಅರವತ್ತಕ್ಕೂ ಮಿಕ್ಕ ಗೋರಿಗಳು ಹೆಂಗಸರವೆಂದು ಗೊತ್ತಾದುದು ಈ ಚಪ್ಪಟೆಯ ನೆತ್ತಿಯಿಂದ. ಅಫ್ಜಲ್ ಖಾನನು 1659ರಲ್ಲಿ ಶಿವಾಜಿಯ ಮೇಲೆ ದಂಡೆತ್ತಿ ಹೋಗುವ ಮುನ್ನ ತನ್ನ ಹೆಂಡಿರನ್ನೆಲ್ಲ ಕೊಂದನೆಂಬ ಐತಿಹ್ಯ ಅವುಗಳಿಗೆ ಅಂಟಿಕೊಂಡಿದೆ. ಐತಿಹ್ಯದ ಸತ್ಯಾಸತ್ಯತೆ ಹೇಗೇ ಇರಲಿ, ಒಂದಕ್ಷರವೂ ಇಲ್ಲದ ಕಲ್ಲು ತನ್ನ ಆಕಾರದಿಂದಲೇ ಅಷ್ಟನ್ನು ಹೇಳಿತೆಂಬುದು ಗಮನಾರ್ಹ.

ದಕ್ಖನಿನ ಸುಲ್ತಾನರೂ ಸರದಾರರೂ ಕತ್ತಿ ಹಿಡಿದೇ ಬಾಳಿದವರು. ಆದರೂ ಅವರ ಪ್ರಸಿದ್ಧ ಗುಮ್ಮಟಗಳಲ್ಲಿ ಆಯುಧವು ಪ್ರಧಾನ ಲಕ್ಷಣವಾಗಿ ಬರುವುದಿಲ್ಲ. ಬೀದರಿನ ಅಲೀ ಬರೀದನ ಗುಮ್ಮಟದ ಒಳಗೋಡೆಯ ಬಣ್ಣದ ಬಿಲ್ಲೆಗಳಲ್ಲಿ ಪಾರಸಿ ಕವಿ ಅತ್ತಾರನ ಪದ್ಯಗಳಿವೆ. ಬಿಜಾಪುರದ ಇಬ್ರಾಹಿಂ ರೋಜಾದ ಗೋಡೆಗಳ ತುಂಬ ಅಕ್ಷರಗಳೇ. ಸೇನಾಪತಿಯೂ ಲೇಖನಿಯ ಪೆಟ್ಟಿಗೆಯ ಕೆಳಗೆ ಮಲಗಬಹುದಾದ ಸಂಪ್ರದಾಯವಿದು. ಈ ವಿಷಯದಲ್ಲಿ ನಮ್ಮ ಉಪಾಧ್ಯಾಯ ಬಂಧುಗಳಿಗೆ ಸ್ವಲ್ಪ ಹೆಮ್ಮೆಯೆನಿಸಿದರೆ ಅದನ್ನು ಯಾರೂ ಆಕ್ಷೇಪಿಸಲಾರರು.

ಇನ್ನು ಶ್ರೀರಂಗಪಟ್ಟಣದ ಗುಂಬಜ್. ಟಿಪ್ಪುವು 1782ರಿಂದ 1784ರ ಅವಧಿಯಲ್ಲಿ ತಂದೆಗಾಗಿ ಕಟ್ಟಿಸಿದ ಈ ಕಟ್ಟಡದಲ್ಲಿ ಹೈದರನ, ಟಿಪ್ಪುವಿನ ತಾಯಿಯ ಮತ್ತು 1799ರ ಮೇ 4ರಂದು ಮಡಿದ ಟಿಪ್ಪುವಿನ ಗೋರಿಗಳಿವೆ. ಸುತ್ತಲಿನ ಜಗತಿಯ ಮೇಲೆ ಬಂಧುಗಳ, ಸರದಾರರ ಕರಿಗಲ್ಲಿನ ಗೋರಿಗಳು ಒತ್ತಾಗಿವೆ. ಯುದ್ಧದಲ್ಲಿಯೇ, ಕೋಟೆಯ ಬಾಗಿಲಿನಲ್ಲಿಯೇ ಸತ್ತ ಅರಸನ ಗೋರಿಯ ಮೇಲಾದರೂ ಕತ್ತಿ ಇರಬೇಕಾಗಿತ್ತಲ್ಲವೇ? ಇಲ್ಲ. ಇರುವುದು ಒಳಗೋಡೆಯ ಹುಲಿಪಟ್ಟೆಯ ಬಣ್ಣಗಾರಿಕೆ. ಅದೂ ಆಯುಧವಲ್ಲ, ಅವನ ಮುದ್ರೆ. ಸಿಪಾಯಿಯ ಅಂಗಿಯಿಂದ ಸಿಂಹಾಸನದವರೆಗೆ ಅವನು ಎಲ್ಲಕ್ಕೂ ಒತ್ತಿದ ಗುರುತು. ಅವನ ಖಡ್ಗಗಳು ಕೊಳ್ಳೆಯ ಸೊತ್ತಾಗಿ ಸಮುದ್ರ ದಾಟಿದುವು. ಅವುಗಳಲ್ಲೊಂದು 2023ರ ಮೇ ತಿಂಗಳಲ್ಲಿ ಲಂಡನ್ನಿನ ಹರಾಜಿನಲ್ಲಿ ಸುಮಾರು 1 ಕೋಟಿ 40 ಲಕ್ಷ ಪೌಂಡುಗಳಿಗೆ ಮಾರಿಹೋಯಿತು.

ಟಿಪ್ಪುವಿನ ಸಾವಿಗೆ ಸಂಬಂಧಿಸಿದಂತೆ ಖಡ್ಗವು ಕಾಣಿಸಿಕೊಳ್ಳುವುದು ಕಲ್ಲಿನಲ್ಲಲ್ಲ, ಅಕ್ಷರದಲ್ಲಿ. ಅಕ್ಷರಗಳಿಗೆ ಸಂಖ್ಯೆಯ ಬೆಲೆ ಕಟ್ಟಿ ವರ್ಷವನ್ನು ಹೊರಡಿಸುವ ಪಾರಸಿ ಪದ್ಧತಿ ನಮ್ಮ ಕಟಪಯಾದಿಗೆ ಸಮೀಪದ ಬಂಧು. ಖಡ್ಗವು ಕಳೆದುಹೋಯಿತೆಂಬ ಅರ್ಥದ ಮೂರು ಪಾರಸಿ ಮಾತುಗಳು ಈ ಬಗೆಯ ಕಾಲಸೂಚಕವಾಗಿ ಪ್ರಚಾರದಲ್ಲಿವೆ. ಶಂಶೀರ್ ಎಂಬ ಮೊದಲ ಮಾತೊಂದಕ್ಕೇ 850 ಆಗುತ್ತದೆ, ಮಿಕ್ಕ ಎರಡಕ್ಕೆ 60 ಮತ್ತು 304, ಒಟ್ಟು 1214. ಟಿಪ್ಪು ಮಡಿದದ್ದು ಹಿಜರಿ 1213ರ ಹನ್ನೊಂದನೆಯ ತಿಂಗಳಿನ ಕೊನೆಯಲ್ಲಿ. 1214 ಹುಟ್ಟಲು ಇನ್ನೊಂದು ತಿಂಗಳಿತ್ತು. ಒಂದು ಅಂಕಿಯ ಈ ಹೆಚ್ಚಿಗೆಯನ್ನು ಅರ್ಥದ ಸೊಗಸಿಗಾಗಿ ಜನ ಸಹಿಸಿಕೊಂಡಿರಬೇಕು. ಲೆಕ್ಕದ ಉಪಾಧ್ಯಾಯರು ಒಪ್ಪದಿದ್ದರೂ ಭಾಷೆಯ ಉಪಾಧ್ಯಾಯರು ಒಪ್ಪಿಯಾರು. ಸಿಂಧಿನಲ್ಲಿ ಕಲ್ಲುಕುಟಿಗನು ಮಾಡಿದ ಕೆಲಸವನ್ನು ಇಲ್ಲಿ ಕವಿಯು ಮಾಡಿದನು. ಖಡ್ಗವನ್ನು ಗೋರಿಗೆ ಅಂಟಿಸಲಿಲ್ಲ. ಅದು ಇಲ್ಲವಾಯಿತೆಂದು ಹೇಳಿದನು.

ವಿಜಯನಗರದ ಸೇನೆಯಲ್ಲಿದ್ದ ಮುಸಲ್ಮಾನರ ಕಡೆಗೂ ಒಮ್ಮೆ ಕಣ್ಣು ಹಾಯಿಸಬೇಕು. ಇಮ್ಮಡಿ ದೇವರಾಯನ ಸೇವೆಯಲ್ಲಿದ್ದ ಅಹಮದ್ ಖಾನನು 1439ರಲ್ಲಿ ಹಂಪೆಯಲ್ಲಿ ಕಟ್ಟಿಸಿದ ಮಸೀದಿಯ ಪಕ್ಕದಲ್ಲಿ ಗೋರಿಯ ಗುಮ್ಮಟವೊಂದಿದೆ. ಅರಸನಿಗೆ ಪುಣ್ಯವಾಗಲೆಂದು ಅವನು ಹಾಕಿಸಿದ ಶಾಸನವು ಕನ್ನಡದಲ್ಲಿದೆ, ಮಸೀದಿಯನ್ನು ಅದು ಧರ್ಮಸಾಲೆಯೆಂದು ಕರೆದಿದೆ. ವೀರಗಲ್ಲು ನಿಲ್ಲಿಸುವ ಜನರ ನಡುವೆಯೇ ಬಾಳಿದ ಈ ಅಧಿಕಾರಿ ವೀರಗಲ್ಲಿನ ಭಾಷೆಯನ್ನು ಎತ್ತಿಕೊಳ್ಳಲಿಲ್ಲ. ಕನ್ನಡದ ಭಾಷೆಯನ್ನು ಎತ್ತಿಕೊಂಡನು. ನೆರೆಯವರ ಪ್ರಭಾವ ಎಂದೊಡನೆ ಶಿಲ್ಪವನ್ನೇ ಹುಡುಕುವವರು ಇದನ್ನು ಮರೆಯಬಾರದು.

ಹೀಗಿರಲು, ನಮ್ಮ ಸೀಮೆಯ ಹಳೆಯ ಗೋರಿಯೊಂದರಲ್ಲಿ ಕತ್ತಿಯಂತೆ ಕಾಣುವುದು ಕತ್ತಿಯೇ ಎಂದು ಒಪ್ಪುವ ಮೊದಲು ಬೇರೆ ಸಾಧ್ಯತೆಗಳನ್ನೆಲ್ಲ ತಳ್ಳಿಹಾಕಬೇಕಾಗುತ್ತದೆ. ಸುಣ್ಣ ಬಳಿದು ಬಳಿದು ಅಂಚು ಮಾಸಿದ ಕಲಮದಾನವು ಒರೆಯಂತೆಯೇ ತೋರುವುದು. ನೆತ್ತಿಯ ದಿಂಡು ಮಳೆಬಿಸಿಲಿಗೆ ಸವೆದು ಚೂಪಾದರೆ ಅಲಗಿನಂತಾಗುವುದು. ಮಿಹರಾಬಿನ ಕಮಾನಿನ ತುದಿಯು ಈಟಿಯ ಮೊನೆಯನ್ನು ಹೋಲುವುದು. ಎಲ್ಲಕ್ಕಿಂತ ಹೆಚ್ಚು ಮೋಸಗೊಳಿಸುವುದು ದೀಪ. ಕಮಾನಿನೊಳಗೆ ಸರಪಣಿಯಿಂದ ತೂಗುವ ದೀಪವನ್ನು ಗೋರಿಗಲ್ಲಿನ ಮೇಲೆ ಕೆತ್ತುವುದು ಬಹು ವ್ಯಾಪಕವಾದ ಪದ್ಧತಿ. ಗುಜರಾತಿನ ಖಂಬಾಯತದಲ್ಲಿ ಹೀಗೆ ಕೆತ್ತಿದ ಅಮೃತಶಿಲೆಯ ಕಲ್ಲುಗಳು 14ನೆಯ, 15ನೆಯ ಶತಮಾನಗಳಲ್ಲಿ ಜಾವಾ ಸುಮಾತ್ರಾಗಳವರೆಗೆ ಹಡಗಿನಲ್ಲಿ ಹೋದುವು. ಪರಮಾತ್ಮನ ಬೆಳಕನ್ನು ಗೂಡಿನೊಳಗಿನ ದೀಪಕ್ಕೆ ಹೋಲಿಸುವ ಕುರಾನಿನ 24ನೆಯ ಅಧ್ಯಾಯದ ವಾಕ್ಯಕ್ಕೆ ಈ ಚಿತ್ರ ಸಂಬಂಧಿಸಿದ್ದೆಂದು ವಿದ್ವಾಂಸರು ಹೇಳುತ್ತಾರೆ. ಸರಪಣಿ ಸವೆದು ದೀಪದ ಗುಂಡು ಮಾತ್ರ ಉಳಿದ ಕಲ್ಲನ್ನು ನೋಡಿ ಗದೆಯೆನ್ನುವುದು ಎಷ್ಟು ಸುಲಭ! ಪ್ರಾರ್ಥನೆಯ ಬೆಳಕನ್ನು ಹೊತ್ತ ಕಲ್ಲು ಒಂದೇ ಮಾತಿನಿಂದ ಹೊಡೆದಾಟದ ಕಲ್ಲಾಗುತ್ತದೆ.

ಇದು ಕೇವಲ ಪಂಡಿತರ ಚರ್ಚೆಯೆಂದು ಉಪಾಧ್ಯಾಯರು ಭಾವಿಸಬಾರದು. ಸ್ಥಳೀಯ ಚರಿತ್ರೆಯ ಪಾಠವನ್ನು ಮಕ್ಕಳಿಗೆ ಹೇಳುವವರು ನಾವು; ಮಕ್ಕಳು ಮನೆಗೆ ಒಯ್ಯುವುದು ನಮ್ಮ ಮಾತನ್ನು. ಉಕ್ಕಡಂ, ಕೋಟೈಮೇಡುಗಳಲ್ಲಿ ಬಾಳಿ ಸತ್ತವರೆಲ್ಲ ಸಿಪಾಯಿಗಳಾಗಿರಲಿಲ್ಲ. ಚರ್ಮ ಹದಮಾಡುವವರು, ವ್ಯಾಪಾರಿಗಳು, ಕುದುರೆ ಮಾರುವವರು, ಓದು ಕಲಿಸುವವರು, ಹೆತ್ತು ಸಾಕಿದ ತಾಯಂದಿರು ಅಲ್ಲಿ ಮಲಗಿದ್ದಾರೆ. ಇಲ್ಲದ ಕತ್ತಿಯನ್ನು ಓದುವುದರಿಂದ ಮೆಚ್ಚುವವನು ಅವರನ್ನು ಹುತಾತ್ಮರನ್ನಾಗಿ ಮಾಡುತ್ತಾನೆ, ಹಗೆಗಾರನು ದಾಳಿಕಾರರನ್ನಾಗಿ ಮಾಡುತ್ತಾನೆ. ಎರಡರಲ್ಲಿಯೂ ಗೋರಿಯೊಳಗಿನವನು ಕಳೆದುಹೋಗುತ್ತಾನೆ. ಚಪ್ಪಟೆ ನೆತ್ತಿಯ ಗೋರಿಯೊಂದಕ್ಕೆ ಸೇನಾನಿಯ ಹೆಸರು ಅಂಟಿದರೆ ಒಬ್ಬ ಹೆಂಗಸು ತನ್ನ ಕೊನೆಯ ಗುರುತನ್ನೂ ಕಳೆದುಕೊಂಡಂತೆ.

ಆದುದರಿಂದ ಕ್ಷೇತ್ರಕಾರ್ಯಕ್ಕೆ ಹೋಗುವವರಲ್ಲಿ ನಮ್ಮ ಕೋರಿಕೆಗಳು ಕೆಲವು. ಜಮಾಅತಿನ ಹಿರಿಯರ ಅಪ್ಪಣೆಯಿಲ್ಲದೆ ಕಬರಸ್ತಾನದೊಳಕ್ಕೆ ಕಾಲಿಡಬಾರದು, ಸುಣ್ಣವನ್ನು ಕೆರೆಯಬಾರದು. ನಮ್ಮ ದೇಶದಲ್ಲಿ ಗೋರಿ ಉತ್ತರ ದಕ್ಷಿಣವಾಗಿದ್ದು ತಲೆ ಉತ್ತರಕ್ಕೂ ಮುಖ ಪಶ್ಚಿಮಕ್ಕೂ ಇರುವುದರಿಂದ, ಕೆತ್ತನೆಯು ನೆತ್ತಿಯಲ್ಲಿದೆಯೋ ಪಕ್ಕದಲ್ಲಿದೆಯೋ, ಪಕ್ಕದಲ್ಲಾದರೆ ಪೂರ್ವವೋ ಪಶ್ಚಿಮವೋ ಎಂಬುದನ್ನು ಮೊದಲು ಬರೆದುಕೊಳ್ಳಬೇಕು. ನೆತ್ತಿಯ ನಡುವೆ ಉದ್ದಕ್ಕೆ ಇರುವುದು ಕಲಮದಾನವಾಗಿರುವ ಸಂಭವವೇ ಹೆಚ್ಚು. ಕತ್ತಿಯಾದರೆ ಹಿಡಿ, ಹಿಡಿಯ ಅಡ್ಡಪಟ್ಟಿ, ಅಲಗಿನ ಬಾಗು ಈ ಮೂರರಲ್ಲಿ ಎರಡಾದರೂ ಸ್ಪಷ್ಟವಾಗಿ ಕಾಣಬೇಕು. ಕಾಣದಿದ್ದರೆ ಟಿಪ್ಪಣಿಯಲ್ಲಿ ಉದ್ದನೆಯ ಕೆತ್ತನೆ ಎಂದಷ್ಟೇ ಬರೆಯಬೇಕು. ಊರವರು ಹೇಳುವ ಕಥೆಯನ್ನು ಬಿಡದೆ ಬರೆದುಕೊಳ್ಳಬೇಕು, ಆದರೆ ಬೇರೆ ಪುಟದಲ್ಲಿ. ಕೊಯಮತ್ತೂರು, ಧಾರಾಪುರ, ಉಡುಮಲಪೇಟೆಗಳ ಕಡೆ ಈ ಪರೀಕ್ಷೆಯಲ್ಲಿ ಗೆದ್ದ ನಿಜವಾದ ಖಡ್ಗವೊಂದು ಯಾರ ಕಣ್ಣಿಗಾದರೂ ಬಿದ್ದರೆ, ಅಳತೆಯೊಡನೆ ಅದರ ರೇಖಾಚಿತ್ರವನ್ನು ಬರೆದಿಡಲಿ. ಅದು ಒರೆಯೊಳಗಿದೆಯೋ ಹೊರಗಿದೆಯೋ ಎಂಬುದನ್ನು ಮಾತ್ರ ಬರೆಯಲು ಮರೆಯದಿರಲಿ.